‘ಚಟ್ಟಂ 50’ ಅಂದರೆ ಏನು? ತಿರುವನಂತಪುರದ ವಿಧಾನಸಭೆಯಲ್ಲಿ ಕಾಸರಗೋಡಿನ ಹುಡುಗಿ ಕಲಿತದ್ದು

ಒಂದೆರಡು ಪದ ಬಿಟ್ಟುಹೋದದ್ದಕ್ಕೆ 2,500 ರೂಪಾಯಿ ದಂಡ. ನನ್ನ ಇಂಟರ್ನ್‌ಶಿಪ್ ಶುರುವಾದದ್ದು ಈ ಕಥೆಯಿಂದ.

2021ರ ಮೇ 24ರಂದು ಕೇರಳ ವಿಧಾನಸಭೆಯ ಹೊಸ ಸದಸ್ಯರು ಪ್ರಮಾಣ ವಚನ ತೆಗೆದುಕೊಂಡರು. ನಮ್ಮ ಮಂಜೇಶ್ವರದಿಂದ ಗೆದ್ದಿದ್ದ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲಿ ಓದಿದರು. ಇಡುಕ್ಕಿ ಜಿಲ್ಲೆಯ ದೇವಿಕುಳಂನಿಂದ ಗೆದ್ದಿದ್ದ ಎ. ರಾಜಾ ತಮಿಳಿನಲ್ಲಿ ಓದಿದರು. ಊರಿನಲ್ಲಿ ನಾವೆಲ್ಲ ಕನ್ನಡದ ವಿಡಿಯೋವನ್ನು ವಾಟ್ಸಾಪಿನಲ್ಲಿ ಕಳಿಸಿ ಖುಷಿಪಟ್ಟೆವು. ತಮಿಳಿನ ಕಡೆ ಆದ ಎಡವಟ್ಟು ನಮಗೆ ಯಾರಿಗೂ ಗೊತ್ತೇ ಇರಲಿಲ್ಲ.

ಆದದ್ದು ಇಷ್ಟು. ಸಂವಿಧಾನದ 3ನೇ ಅನುಸೂಚಿಯಲ್ಲಿ ಶಾಸಕರು ಓದಬೇಕಾದ ಪ್ರಮಾಣದ ಮಾತು ಅಕ್ಷರ ಅಕ್ಷರವಾಗಿ ಇದೆ. ‘ದೇವರ ಹೆಸರಿನಲ್ಲಿ’ ಅನ್ನಬಹುದು, ಬೇಡವಾದರೆ ದೃಢವಾಗಿ ಪ್ರತಿಜ್ಞೆ ಮಾಡುತ್ತೇನೆ ಅನ್ನಬಹುದು. ಎರಡರಲ್ಲಿ ಒಂದು ಇರಲೇಬೇಕು. ತಮಿಳಿಗೆ ಅನುವಾದ ಮಾಡಿಕೊಟ್ಟ ಹಾಳೆಯಲ್ಲಿ ಎರಡೂ ಇರಲಿಲ್ಲ. ಕೈಗೆ ಕೊಟ್ಟದ್ದನ್ನು ಸದಸ್ಯರು ಓದಿದರು. ಪ್ರಮಾಣ ಸರಿಯಾಗಿಲ್ಲ ಎಂದಾಯಿತು. ಜೂನ್ 2ರಂದು ಮತ್ತೊಮ್ಮೆ ಓದಿಸಿದರು. ಅಲ್ಲಿಗೆ ಮುಗಿಯಲಿಲ್ಲ. ಪ್ರಮಾಣ ಮಾಡದೆ ಸಭೆಯಲ್ಲಿ ಕೂತವರಿಗೆ ದಿನಕ್ಕೆ 500 ರೂಪಾಯಿ ದಂಡ ಎನ್ನುತ್ತದೆ 193ನೇ ವಿಧಿ. ಅವರು ಕೂತದ್ದು ಐದು ದಿನ. ಆಗಿನ ಸ್ಪೀಕರ್ ಎಂ.ಬಿ. ರಾಜೇಶ್ ಲೆಕ್ಕ ಹಾಕಿ ರೂಲಿಂಗ್, ಅಂದರೆ ಸ್ಪೀಕರ್ ತೀರ್ಪು, ಕೊಟ್ಟರು.

ತಪ್ಪು ಅನುವಾದದ್ದು, ದಂಡ ಸದಸ್ಯರಿಗೆ. ಮೊದಲ ಸಲ ಓದಿದಾಗ ನನಗೆ ನಗು ಬಂತು. ಆಮೇಲೆ, ಆ ಹಾಳೆ ಕನ್ನಡದ್ದೂ ಆಗಿರಬಹುದಿತ್ತಲ್ವಾ ಎಂದು ಹೊಳೆದು ಸುಮ್ಮನಾದೆ.

ನಾನು ಎಂ.ಎ. ರಾಜ್ಯಶಾಸ್ತ್ರದ ವಿದ್ಯಾರ್ಥಿನಿ. ಊರು ಬದಿಯಡ್ಕದ ಹತ್ತಿರ. ಕೋರ್ಸಿನ ಭಾಗವಾಗಿ ಎರಡು ತಿಂಗಳು ವಿಧಾನಸಭೆಯ ಕಾರ್ಯವಿಧಾನದ ಬಗ್ಗೆ ಓದಿ ಟಿಪ್ಪಣಿ ಬರೆಯುವ ಕೆಲಸ ಸಿಕ್ಕಿತ್ತು. ಸಂಜೆ ಕಾಸರಗೋಡಿನಲ್ಲಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ತಿರುವನಂತಪುರ. ಮಂಗಳೂರಿಗೆ ಹೋಗಿಬರುವುದು ನಮಗೆ ಪೇಟೆಗೆ ಹೋಗಿಬಂದ ಹಾಗೆ. ನಮ್ಮದೇ ರಾಜಧಾನಿಗೆ ಹೋಗಬೇಕಾದರೆ ಇಡೀ ಒಂದು ರಾತ್ರಿ ಬೇಕು. ಪಾಳಯಂನಲ್ಲಿರುವ ಆ ದೊಡ್ಡ ಕಟ್ಟಡವನ್ನು 1998ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಉದ್ಘಾಟಿಸಿದ್ದರು. ಒಳಗೆ ಹೋದವಳಿಗೆ ಮೊದಲು ಅನ್ನಿಸಿದ್ದು, ಇಷ್ಟು ದೊಡ್ಡ ಸಭಾಂಗಣದಲ್ಲಿ 140 ಜನವಾ ಅಂತ.

ಆ 140 ಕ್ಷೇತ್ರಗಳ ಪಟ್ಟಿಯಲ್ಲಿ ಮಂಜೇಶ್ವರ 1ನೇ ನಂಬರ್, ಕಾಸರಗೋಡು 2. ಉತ್ತರದಿಂದ ಎಣಿಸುವುದರಿಂದ ಹಾಗೆ, ಬೇರೆ ದೊಡ್ಡಸ್ತಿಕೆಯೇನೂ ಇಲ್ಲ. ಆದರೂ ಮಂಜೇಶ್ವರ ವಿಚಿತ್ರ ಕ್ಷೇತ್ರವೇ. 1957ರ ಮೊದಲ ಚುನಾವಣೆಯಲ್ಲಿ ಎಂ. ಉಮೇಶ ರಾವ್ ಅಲ್ಲಿಂದ ಅವಿರೋಧವಾಗಿ ಗೆದ್ದರು. 2016ರಲ್ಲಿ ಅದೇ ಕ್ಷೇತ್ರದಲ್ಲಿ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ 89 ಮತ.

ಮೊದಲ ವಾರ ನನ್ನನ್ನು ಕಾಡಿದ್ದು ಪದಗಳು. ಮಲಯಾಳಂ ಮಾತಾಡಲು ಬರುತ್ತದೆ, ಓದುವುದು ನಿಧಾನ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಕಡೆಯವರ ಕಥೆ ಹೆಚ್ಚುಕಡಿಮೆ ಇದೇ. ಆದರೆ ಕಷ್ಟ ಕೊಟ್ಟದ್ದು ಗೊತ್ತಿಲ್ಲದ ಪದಗಳಲ್ಲ, ಗೊತ್ತಿದೆ ಅಂದುಕೊಂಡ ಪದಗಳು. ಅಲ್ಲಿ ವಿಧಾನಸಭೆಗೆ ‘ನಿಯಮಸಭಾ’ ಅನ್ನುತ್ತಾರೆ. ನಮಗೆ ನಿಯಮ ಅಂದರೆ ರೂಲ್. ಅವರಿಗೆ ‘ನಿಯಮಂ’ ಅಂದರೆ ಕಾನೂನು. ಹಾಗಾದರೆ ರೂಲಿಗೆ ಏನನ್ನುತ್ತಾರೆ? ‘ಚಟ್ಟಂ’! ನಮ್ಮ ಕಿವಿಗೆ ಹೆಣ ಹೊರುವ ಚಟ್ಟವೇ ಕೇಳಿಸುತ್ತದೆ. ದಿನಕ್ಕೆ ಹತ್ತು ಸಲ ‘ಚಟ್ಟಂ 50, ಚಟ್ಟಂ 50’ ಎಂದು ಕೇಳಿ ಕೇಳಿ ನನಗೆ ಸಾಕಾಗಿಹೋಗಿತ್ತು. ಇನ್ನೊಂದು ‘ಪ್ರಮೇಯಂ’. ನಮಗೆ ಪ್ರಮೇಯ ಅಂದರೆ ಪೈಥಾಗರಸ್. ಅವರಿಗೆ ಸಭೆಯ ಮುಂದೆ ಇಡುವ ನಿರ್ಣಯ. ‘ಅಡಿಯಂತರ ಪ್ರಮೇಯಂ’ ಎಂದರೆ ನಾವು ಕನ್ನಡದಲ್ಲಿ ನಿಲುವಳಿ ಸೂಚನೆ ಅನ್ನುತ್ತೇವಲ್ಲ, ಅದು.

ಈ ತಮಾಷೆಯಲ್ಲಿ ಒಂದು ಪಾಠ ಇತ್ತು. ಕಾನೂನು ಬೇರೆ, ಸಭೆಯ ನಿಯಮ ಬೇರೆ. ಕಾನೂನನ್ನು ಸಭೆ ಮಾಡುವುದು ನಮಗೆಲ್ಲರಿಗಾಗಿ. ನಿಯಮವನ್ನು ಸಭೆ ಮಾಡಿಕೊಳ್ಳುವುದು ತನಗಾಗಿ. ಆ ಅಧಿಕಾರ ಕೊಡುವುದು ಸಂವಿಧಾನದ 208ನೇ ವಿಧಿ. ಹಾಗಾಗಿ ಕೇರಳದ ನಿಯಮ ಪುಸ್ತಕ ಬೇರೆ, ಕರ್ನಾಟಕದ್ದು ಬೇರೆ, ಲೋಕಸಭೆಯದ್ದು ಬೇರೆ. ಎಲ್ಲದರ ಮೇಲೆ ಸಂವಿಧಾನ. ಸಭೆ ನಡೆಯಲು ಕನಿಷ್ಠ ಎಷ್ಟು ಸದಸ್ಯರಿರಬೇಕು (ಕೋರಂ), ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಜಾಸ್ತಿ ಅಂತರ ಇರಬಾರದು, ಇಂಥವನ್ನೆಲ್ಲ ಅದೇ ಹೇಳುತ್ತದೆ. ಅದರ ಕೆಳಗೆ ನಿಯಮ ಪುಸ್ತಕ. ಅದರ ಕೆಳಗೆ ಸ್ಪೀಕರ್‌ಗಳು ಆಗಾಗ ಕೊಟ್ಟ ರೂಲಿಂಗ್‌ಗಳು. ತೀರಾ ಕೆಳಗೆ, ಎಲ್ಲೂ ಬರೆಯದ ರೂಢಿ. ಕಾರ್ಯವಿಧಾನದ ಸಂಶೋಧನೆ ಅಂದರೆ ಹೆಚ್ಚಾಗಿ ಈ ಕೊನೆಯ ಎರಡು ಪದರಗಳನ್ನು ಅಗೆಯುವ ಕೆಲಸ. ಮೇಲಿನ ಎರಡು ಅಂಗಡಿಯಲ್ಲಿ ಸಿಗುತ್ತವೆ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ನನಗೆ ಸಿಕ್ಕ ಒಳ್ಳೆಯ ಹೋಲಿಕೆ ತಾಳಮದ್ದಳೆ, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಪ್ರಸಂಗದ ಪದ್ಯಗಳು ಮೊದಲೇ ಇವೆ. ಪಾತ್ರದ ಮಾತಾಡುವ ಅರ್ಥಧಾರಿ ಏನು ಬೇಕಾದರೂ ವಾದಿಸಬಹುದು, ಆದರೆ ಪದ್ಯದ ಚೌಕಟ್ಟು ಬಿಡುವಂತಿಲ್ಲ. ಮಾತು ಎಲ್ಲಿಗೋ ಹೋದರೆ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ, ಅಷ್ಟೇ. ಸ್ಪೀಕರ್ ಕೈಯಲ್ಲಿ ಜಾಗಟೆಯ ಬದಲು ಮೈಕಿನ ಸ್ವಿಚ್ಚು. ಇನ್ನೊಂದು ಸಾಮ್ಯವೂ ಉಂಟು. ಕರ್ಣ ಸಾಯುತ್ತಾನೆ ಎಂದು ಎಲ್ಲರಿಗೂ ಗೊತ್ತು, ಆದರೂ ಜನ ನಿದ್ದೆಗೆಟ್ಟು ಕೂರುತ್ತಾರೆ. ಸರ್ಕಾರಕ್ಕೆ ಬಹುಮತ ಇದೆ, ಮಸೂದೆ ಪಾಸಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಹಾಗಿದ್ದೂ ಮಾತು ಬೇಕು. ಸಭೆಯಲ್ಲಿ ಆಡಿದ ಮಾತು ದಾಖಲೆಯಾಗುತ್ತದೆ, ಮುಂದೆ ಯಾರಾದರೂ ಅದನ್ನು ಎತ್ತಿ ತೋರಿಸುತ್ತಾರೆ.

ಅಪರೂಪಕ್ಕೆ ಕೊನೆ ಏನಾಗುತ್ತದೆ ಎಂದು ಗೊತ್ತಿಲ್ಲದ ಪ್ರಸಂಗವೂ ಬರುತ್ತದೆ. 1982ರ ಮೊದಲ ತಿಂಗಳುಗಳಲ್ಲಿ ಕೇರಳದಲ್ಲಿ ಎರಡೂ ಕಡೆ ಬಲ ಸಮಸಮ. ಮತ ಸಮವಾದಾಗ ಮಾತ್ರ ಸ್ಪೀಕರ್ ಮತ ಹಾಕಬಹುದು ಎನ್ನುತ್ತದೆ 189ನೇ ವಿಧಿ. ಆಗ ಸ್ಪೀಕರ್ ಆಗಿದ್ದ ಎ.ಸಿ. ಜೋಸ್ ಮತ್ತೆ ಮತ್ತೆ ಆ ನಿರ್ಣಾಯಕ ಮತ ಹಾಕಿ ಸರ್ಕಾರವನ್ನು ಉಳಿಸಬೇಕಾಯಿತು. ಮಾರ್ಚ್ ತಿಂಗಳಲ್ಲಿ ಸರ್ಕಾರ ಬಿದ್ದೇ ಬಿತ್ತು.

ಒಂದು ದೂರು, ಹಲವು ಬಾಗಿಲು

ನಿಯಮ ಪುಸ್ತಕವನ್ನು ಮೊದಲ ಪುಟದಿಂದ ಓದಲು ಹೋದರೆ ಮೂರನೇ ದಿನಕ್ಕೆ ನಿದ್ದೆ ಬರುತ್ತದೆ. ನನ್ನ ಮೇಲ್ವಿಚಾರಕಿ ಮ್ಯಾಡಂ ಬೇರೆ ದಾರಿ ತೋರಿಸಿದರು. “ನಿಮ್ಮ ಊರಿನ ಒಂದು ಸಮಸ್ಯೆ ತಗೊ. ಅದನ್ನು ಈ ಸಭೆಯೊಳಗೆ ತರಲು ಎಷ್ಟು ದಾರಿ ಇದೆ ನೋಡು” ಅಂದರು.

ಸಮಸ್ಯೆ ಹುಡುಕಬೇಕಾಗಿಯೇ ಇರಲಿಲ್ಲ. ಕಾಸರಗೋಡಿನ ಯಾವ ಕನ್ನಡಿಗರನ್ನು ಕೇಳಿದರೂ ಹೇಳುತ್ತಾರೆ: ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಮಾಸ್ಟ್ರು ನೇಮಕವಾಗಿ ಬರುವುದು. ಪಾಪ, ಬಂದವರದ್ದೂ ತಪ್ಪಲ್ಲ. ಅವರಿಗೆ ಕೆಲಸ ಸಿಕ್ಕಿದೆ, ಬಂದಿದ್ದಾರೆ. ಆದರೆ ಗಣಿತದ ಕ್ಲಾಸಿನಲ್ಲಿ ಕೂತ ಮಗುವಿಗೆ ಭಾಗಾಕಾರ ಯಾವ ಭಾಷೆಯಲ್ಲಿ ಅರ್ಥವಾಗಬೇಕು?

ಮೊದಲ ಬಾಗಿಲು ಪ್ರಶ್ನೆ. ದಿನದ ಮೊದಲ ಗಂಟೆ ಪ್ರಶ್ನೋತ್ತರಕ್ಕೆ ಮೀಸಲು. ಚುಕ್ಕೆ ಗುರುತಿನ ಪ್ರಶ್ನೆ ಅಂದರೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರಿಸಬೇಕು. ಉತ್ತರ ಬಂದ ಮೇಲೆ ಸದಸ್ಯರು ಉಪಪ್ರಶ್ನೆ ಕೇಳಬಹುದು. ಮಜಾ ಇರುವುದು ಆ ಉಪಪ್ರಶ್ನೆಯಲ್ಲಿ, ಅದಕ್ಕೆ ಮಂತ್ರಿಗಳ ಕೈಯಲ್ಲಿ ಬರೆದ ಉತ್ತರ ಇರುವುದಿಲ್ಲ. ಆದರೆ ಒಂದು ಗಂಟೆಯಲ್ಲಿ ಮುಗಿಯುವುದು ಕೆಲವೇ ಪ್ರಶ್ನೆ. ಪಟ್ಟಿಯ ಕೆಳಗೆ ಇದ್ದವು ಬಾಯಿಗೆ ಬರುವುದೇ ಇಲ್ಲ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರೆದ ಉತ್ತರ ಬರುತ್ತದೆ. ಟಿವಿಯಲ್ಲಿ ಕಾಣುವುದಿಲ್ಲ, ಪೇಪರಿನಲ್ಲಿ ಬರುವುದೂ ಕಮ್ಮಿ. ನನಗೆ ಕೇಳಿದರೆ, ನಮ್ಮಂಥ ಗಡಿ ಕ್ಷೇತ್ರಕ್ಕೆ ಅದೇ ಹೆಚ್ಚು ಲಾಭ. ಅಂಕಿ ಅಂಶ ಸಿಗುವುದು ಅಲ್ಲೇ.

ನನ್ನಿಂದ ಮ್ಯಾಡಂ ಒಂದು ಪ್ರಶ್ನೆ ಬರೆಸಿದರು, ಅಭ್ಯಾಸಕ್ಕೆ. ನಾನು ಹುರುಪಿನಿಂದ ಬರೆದೆ: “ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ತಿಳಿಯದ ಶಿಕ್ಷಕರನ್ನು ನೇಮಿಸಿ ಮಕ್ಕಳಿಗೆ ಅನ್ಯಾಯ ಮಾಡುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದರೆ ಕ್ರಮ ಏನು?” ಅವರು ಓದಿ, ಪೆನ್ನು ತೆಗೆದು, ಕೆಳಗೆ ಎರಡೇ ಮಾತು ಬರೆದರು. ‘ಬಂದಿದೆ. ಪರಿಶೀಲಿಸಲಾಗುವುದು.’

“ನೋಡು, ನಿನ್ನ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿತು. ನಿನಗೆ ಏನು ಗೊತ್ತಾಯಿತು?”

ಏನೂ ಇಲ್ಲ. ಮತ್ತೆ ಬರೆದೆ. ಜಿಲ್ಲೆಯ ಕನ್ನಡ ಮಾಧ್ಯಮ ಪ್ರೌಢಶಾಲೆಗಳಲ್ಲಿ ಮಂಜೂರಾದ ಹುದ್ದೆ ಎಷ್ಟು, ವಿಷಯವಾರು? ಎಷ್ಟು ಖಾಲಿ? ಈಗ ಇರುವವರಲ್ಲಿ ಕನ್ನಡದಲ್ಲಿ ಪಾಠ ಮಾಡಲು ಬರುವವರು ಎಷ್ಟು? ಆ ಅರ್ಹತೆಯನ್ನು ನೇಮಕಾತಿಯ ಹೊತ್ತಿನಲ್ಲಿ ಪರೀಕ್ಷಿಸುವ ಕ್ರಮ ಯಾವುದು? ‘ಅನ್ಯಾಯ’ ಹೋಯಿತು, ‘ಮಕ್ಕಳು’ ಹೋದರು. ಪ್ರಶ್ನೆ ಒಣಗಿದ ಸೊಪ್ಪಿನ ಹಾಗೆ ಆಯಿತು. ಆದರೆ ಈಗ ತಪ್ಪಿಸಿಕೊಳ್ಳುವುದು ಕಷ್ಟ. ಪ್ರಶ್ನೆಯಲ್ಲಿ ವಾದ ಇರಬಾರದು, ಆರೋಪ ಇರಬಾರದು, ಅಭಿಪ್ರಾಯ ಕೇಳಬಾರದು ಎಂಬ ನಿಯಮ ಇರುವುದು ಸುಮ್ನೆ ಅಲ್ಲ. ಬೈದು ಕೇಳಿದರೆ ಮಂತ್ರಿ ಬೈಗುಳಕ್ಕೆ ಉತ್ತರಿಸಿ ಕೂತುಬಿಡುತ್ತಾರೆ. ಲೆಕ್ಕ ಕೇಳಿದರೆ ಲೆಕ್ಕವನ್ನೇ ಕೊಡಬೇಕು.

ಕೊಡದೆ ಇರಲೂ ಒಂದು ದಾರಿ ಉಂಟು. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ.’ ಕೇರಳದ ಹಳೆಯ ಉತ್ತರಗಳನ್ನು ತಿರುವಿದರೆ ಈ ಸಾಲು ಎಷ್ಟು ಸಲ ಸಿಗುತ್ತದೆ ಎಂದರೆ, ಕೊನೆಕೊನೆಗೆ ನಾನು ಪುಟ ತೆಗೆಯುವ ಮೊದಲೇ ಅದನ್ನು ಊಹಿಸುತ್ತಿದ್ದೆ. ಇನ್ನೊಂದು, ‘ಕ್ರಮ ಕೈಗೊಳ್ಳಲಾಗುವುದು’. ಇದರ ಹಿಂದೆ ಮಾತ್ರ ಒಂದು ಹಗ್ಗ ಕಟ್ಟಿದ್ದಾರೆ. ಮಂತ್ರಿ ಸಭೆಯಲ್ಲಿ ಕೊಟ್ಟ ಭರವಸೆಗಳನ್ನು ಪಟ್ಟಿ ಮಾಡಿ, ಆಯಿತಾ ಇಲ್ಲವಾ ಎಂದು ಕೇಳುತ್ತಾ ಹೋಗಲು ಸರ್ಕಾರಿ ಭರವಸೆಗಳ ಸಮಿತಿ ಎಂದೇ ಒಂದಿದೆ. ಹೆಚ್ಚು ಜನ ಕೇಳಿಲ್ಲ. ಹೆಸರೂ ಆಕರ್ಷಕವಾಗಿಲ್ಲ. ನನಗೆ ಆ ಕಟ್ಟಡದಲ್ಲಿ ಬಹಳ ಇಷ್ಟವಾದ ಸಮಿತಿ ಅದೇ.

ಎರಡನೇ ಬಾಗಿಲು ಗಮನ ಸೆಳೆಯುವ ಸೂಚನೆ. ಕೇರಳದಲ್ಲಿ ಅದು ನಿಯಮ 62. ತುರ್ತಾದ ಸಾರ್ವಜನಿಕ ವಿಷಯದ ಕಡೆ ಮಂತ್ರಿಯ ಗಮನ ಸೆಳೆಯುವುದು, ಅವರು ಹೇಳಿಕೆ ಕೊಡುವುದು. ಅದರ ತಮ್ಮನ ಹಾಗೆ ‘ಸಬ್ಮಿಷನ್’, ನಿಯಮ 304. ಕ್ಷೇತ್ರದ ರಸ್ತೆ, ಸೇತುವೆ, ಆಸ್ಪತ್ರೆ, ಶಾಲೆ, ಇಂಥ ಊರಿನ ಸಂಗತಿಗಳೆಲ್ಲ ಹೆಚ್ಚಾಗಿ ಇಲ್ಲಿಂದ ಒಳಗೆ ಬರುತ್ತವೆ. ಒಂದೆರಡು ನಿಮಿಷದ ಮಾತು, ಮಂತ್ರಿಯ ಉತ್ತರ, ಮುಗಿಯಿತು. ಮರುದಿನ ಊರಿನ ಪೇಪರಿನಲ್ಲಿ ಶಾಸಕರ ಫೋಟೋ ಸಮೇತ ಬರುವುದು ಇದೇ.

ಇನ್ನು ಚಟ್ಟಂ 50, ಅಂದರೆ ಆ ‘ಅಡಿಯಂತರ ಪ್ರಮೇಯಂ’ ತರುವ ನಿಯಮ.

ಹೆಸರು ಕೇಳಿದರೆ ಏನೋ ಮಹಾ ತುರ್ತು ಅನ್ನಿಸುತ್ತದೆ. ಇವತ್ತಿನ ಕೆಲಸವನ್ನೆಲ್ಲ ಬದಿಗಿಟ್ಟು ಈ ಒಂದು ವಿಷಯ ಚರ್ಚಿಸೋಣ ಎಂದು ಕೇಳುವುದು ನಿಲುವಳಿ ಸೂಚನೆ. ಲೋಕಸಭೆಯಲ್ಲಿ ಇದಕ್ಕೆ ಒಪ್ಪಿಗೆ ಸಿಗುವುದು ಅಪರೂಪ, ಅಲ್ಲಿ ಅದು ಸರ್ಕಾರಕ್ಕೆ ಬಳಿದ ಮಸಿಯ ಹಾಗೆ. ಕೇರಳದಲ್ಲಿ ಮಾತ್ರ ಅದು ಬೆಳಗಿನ ಚಹಾದಷ್ಟೇ ದಿನನಿತ್ಯದ್ದು. ಪ್ರಶ್ನೋತ್ತರ ಮುಗಿಯುತ್ತದೆ. ವಿರೋಧ ಪಕ್ಷದ ಸದಸ್ಯರೊಬ್ಬರು ಏಳುತ್ತಾರೆ. ಇದನ್ನು ಯಾಕೆ ಚರ್ಚೆಗೆ ತೆಗೆದುಕೊಳ್ಳಬೇಕು ಎಂದು ಹೇಳುತ್ತಾರೆ. ಬೇಡ ಎಂದು ಮಂತ್ರಿ ಉತ್ತರಿಸುತ್ತಾರೆ. ಸ್ಪೀಕರ್ ಅನುಮತಿ ಇಲ್ಲ ಅನ್ನುತ್ತಾರೆ. ವಿರೋಧ ಪಕ್ಷದ ನಾಯಕರು ಮಾತಾಡಿ, ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ವಾಪಸ್ ಬಂದು ಕೂರುತ್ತಾರೆ.

ಗ್ಯಾಲರಿಯಲ್ಲಿ ಕೂತು ಮೊದಲ ಸಲ ನೋಡಿದಾಗ, ಇದೆಲ್ಲ ನಾಟಕ ಅನ್ನಿಸಿತು. ಹಳೆಯ ದಾಖಲೆ ಓದುತ್ತಾ ಹೋದಂತೆ ಅಭಿಪ್ರಾಯ ಬದಲಾಯಿತು. ಅನುಮತಿ ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಆದರೆ ಅನುಮತಿ ಕೇಳುವ ನೆಪದಲ್ಲಿ ವಿಷಯದ ಅರ್ಧ ಚರ್ಚೆ ಮುಗಿದೇ ಹೋಗಿರುತ್ತದೆ, ಅದೂ ಪತ್ರಕರ್ತರೆಲ್ಲ ಎಚ್ಚರವಾಗಿರುವ ಹೊತ್ತಿನಲ್ಲಿ. ಕೆಲವೊಮ್ಮೆ ಸರ್ಕಾರವೇ ‘ಆಗಲಿ, ಚರ್ಚಿಸೋಣ’ ಎಂದುಬಿಡುತ್ತದೆ. ಆಗ ಸಭಾತ್ಯಾಗಕ್ಕೆ ಸಿದ್ಧವಾಗಿ ಬಂದವರು ವಾದಕ್ಕೆ ಸಿದ್ಧವಾಗಬೇಕಾಗುತ್ತದೆ! ಸಭಾತ್ಯಾಗ ಹೀಗೆ ಮಾಡಬೇಕು ಎಂದು ನಿಯಮ ಪುಸ್ತಕ ಕಲಿಸುವುದಿಲ್ಲ. ಅದು ಪೂರ್ತಿ ರೂಢಿ. ಆದರೂ ಸಾಲು ಸಾಲಾಗಿ ಏಳುವ ಆ ಶಿಸ್ತು ನೋಡಿದರೆ, ಪುಸ್ತಕದಲ್ಲಿ ಇದ್ದದ್ದಕ್ಕಿಂತ ಇದೇ ಗಟ್ಟಿ ಅನ್ನಿಸುತ್ತದೆ.

ನಮ್ಮ ಕನ್ನಡ ಶಾಲೆಯ ವಿಷಯವನ್ನು ಚಟ್ಟಂ 50ರಲ್ಲಿ ತರಬಹುದಾ? ತಂದರೆ ಬೇಡ ಅನ್ನುವವರಿಲ್ಲ. ಆದರೆ ವರ್ಷಗಟ್ಟಲೆ ನಡೆದುಬಂದ ಸಮಸ್ಯೆ ‘ಈಗಷ್ಟೇ ಆದ ತುರ್ತು’ ಆಗುವುದಿಲ್ಲ. ಮಕ್ಕಳು ತರಗತಿ ಬಿಟ್ಟು ರಸ್ತೆಗೆ ಬಂದು ಕೂತ ದಿನ ಮಾತ್ರ ಅದು ತುರ್ತು. ಇದು ನಿಯಮದ ಕ್ರೂರ ಮುಖ ಎಂದೇ ನನ್ನ ಅನಿಸಿಕೆ. ನಿಧಾನವಾಗಿ ಆಗುವ ನಷ್ಟಕ್ಕೆ ಅಲ್ಲಿ ಬಾಗಿಲು ಸಣ್ಣದು.

ಬೇರೆ ಬಾಗಿಲುಗಳೂ ಉಂಟು. ಶುಕ್ರವಾರದ ಖಾಸಗಿ ಸದಸ್ಯರ ಕಲಾಪದಲ್ಲಿ ನಿರ್ಣಯ ಮಂಡಿಸಬಹುದು. ಮಂತ್ರಿ ಅಲ್ಲದ ಎಲ್ಲರೂ ಇಲ್ಲಿ ‘ಖಾಸಗಿ ಸದಸ್ಯರು’, ಆಡಳಿತ ಪಕ್ಷದವರೂ ಸೇರಿ. ಬಜೆಟ್ ಹೊತ್ತಿನಲ್ಲಿ ಶಿಕ್ಷಣ ಇಲಾಖೆಯ ಬೇಡಿಕೆ ಬಂದಾಗ ಕಡಿತ ಸೂಚನೆ ಕೊಟ್ಟು, ಇಲಾಖೆಗೆ ಕೊಡುವ ದುಡ್ಡಿನಲ್ಲಿ 100 ರೂಪಾಯಿ ಕಮ್ಮಿ ಮಾಡಿ ಎಂದು ಕೇಳಿ, ಆ ನೆಪದಲ್ಲಿ ಶಾಲೆಯ ಮಾತು ತೆಗೆಯಬಹುದು. ನೂರು ರೂಪಾಯಿ ಯಾರಿಗೂ ಬೇಡ, ಮಾತಿಗೊಂದು ಜಾಗ ಬೇಕು. ಶಾಸಕರ ನೆರವಿಲ್ಲದೆ ಜನರೇ ಶುರುಮಾಡಬಹುದಾದದ್ದು ಅರ್ಜಿ, ಅದಕ್ಕೆ ಅರ್ಜಿಗಳ ಸಮಿತಿ ಇದೆ.

ಬಾಗಿಲ ಹಿಂದಿನ ಕೋಣೆ

ಸಭೆಯ ಗದ್ದಲ ಟಿವಿಯಲ್ಲಿ ಕಾಣುತ್ತದೆ. ಕಾನೂನಿನ ಪದಗಳು ಅದಲುಬದಲಾಗುವುದು ಹೆಚ್ಚಾಗಿ ಸಮಿತಿಯ ಕೋಣೆಯಲ್ಲಿ. ಕೇರಳಕ್ಕೆ ಇಲ್ಲೊಂದು ಹೆಮ್ಮೆ ಇದೆ. ಇಲಾಖೆಗಳನ್ನು ಗುಂಪು ಮಾಡಿ ಒಂದೊಂದಕ್ಕೆ ಒಂದೊಂದು ‘ವಿಷಯ ಸಮಿತಿ’ ಎಂಬ ಪದ್ಧತಿಯನ್ನು ರಾಜ್ಯಗಳಲ್ಲಿ ಮೊದಲು ತಂದದ್ದು ಕೇರಳ, 1980ರಲ್ಲಿ. ಸಂಸತ್ತಿನಲ್ಲಿ ಇಂಥ ಸಮಿತಿಗಳ ಪೂರ್ತಿ ವ್ಯವಸ್ಥೆ ಬಂದದ್ದು 1993ರಲ್ಲಿ. ಕೇರಳದಲ್ಲಿ ಈಗ ಅಂಥ 14 ಸಮಿತಿ. ಮಸೂದೆ ಮಂಡನೆಯಾದ ಮೇಲೆ ಅಲ್ಲಿಗೆ ಹೋಗುವುದು ವಾಡಿಕೆ. ಬಜೆಟ್ ಬೇಡಿಕೆಗಳನ್ನೂ ಅವೇ ನೋಡುತ್ತವೆ.

ಆದರೆ ಒಂದು ವ್ಯತ್ಯಾಸ. ಸಂಸತ್ತಿನ ಸಮಿತಿಗಳಲ್ಲಿ ಮಂತ್ರಿಗಳು ಸದಸ್ಯರೂ ಆಗುವಂತಿಲ್ಲ. ಕೇರಳದ ವಿಷಯ ಸಮಿತಿಗೆ ಆಯಾ ಖಾತೆಯ ಮಂತ್ರಿಯೇ ಅಧ್ಯಕ್ಷರು. ಇದರಿಂದ ಸಮಿತಿ ಹೇಳಿದ್ದು ಬೇಗ ಜಾರಿಯಾಗುತ್ತದೆ ಅನ್ನುವವರಿದ್ದಾರೆ. ನನಗೆ ಅದು ಪರೀಕ್ಷೆ ಬರೆದವರೇ ಪೇಪರ್ ತಿದ್ದಿದ ಹಾಗೆ ಕಾಣುತ್ತದೆ. ಈ ಮಾತನ್ನು ಟಿಪ್ಪಣಿಯಲ್ಲಿ ಬರೆದಿದ್ದೆ. ಮ್ಯಾಡಂ ನಕ್ಕು, “ಇದು ಟಿಪ್ಪಣಿ, ಭಾಷಣ ಅಲ್ಲ” ಎಂದು ಗೆರೆ ಎಳೆದರು. ಇಲ್ಲಿ ಬರೆಯಲು ಅಡ್ಡಿಯಿಲ್ಲ.

ಸಮಿತಿಯಿಂದ ಮಸೂದೆ ಸಭೆಗೆ ವಾಪಸ್ ಬರುತ್ತದೆ. ಖಂಡ ಖಂಡವಾಗಿ ಓದಿ, ತಿದ್ದುಪಡಿಗಳನ್ನು ಮತಕ್ಕೆ ಹಾಕಿ, ಕೊನೆಗೆ ಒಟ್ಟಾಗಿ ಅಂಗೀಕರಿಸುತ್ತಾರೆ. ಆಮೇಲೆ ರಾಜ್ಯಪಾಲರು. ಅವರು ಸಹಿ ಹಾಕಬಹುದು, ತಡೆಹಿಡಿದು ಸಭೆಗೆ ವಾಪಸ್ ಕಳಿಸಬಹುದು, ರಾಷ್ಟ್ರಪತಿಗಳಿಗೆ ಕಳಿಸಬಹುದು. ನಮ್ಮ ಕಡೆಯವರಿಗೆ ಇದು ಬರೀ ಪಠ್ಯದ ಸಂಗತಿಯಲ್ಲ. 2015ರ ಡಿಸೆಂಬರಿನಲ್ಲಿ ಸಭೆ ಮಲಯಾಳಂ ಭಾಷಾ ಮಸೂದೆಯೊಂದನ್ನು ಅಂಗೀಕರಿಸಿತು. ಅದು ರಾಷ್ಟ್ರಪತಿಗಳ ತನಕ ಹೋಯಿತು, ಒಪ್ಪಿಗೆ ಸಿಗಲಿಲ್ಲ. 2025ರಲ್ಲಿ ಸಭೆ ಹೊಸದೊಂದು ಭಾಷಾ ಮಸೂದೆಯನ್ನು ಅಂಗೀಕರಿಸಿದಾಗ ಗಡಿಯಲ್ಲಿ ಎದ್ದ ಕಳವಳ ಎಲ್ಲರಿಗೂ ನೆನಪಿದೆ. ಇಂಥ ಮಸೂದೆ ಬಂದಾಗ ನಾವು ಹೆಸರು ನೋಡಿ ಗಲಾಟೆ ಮಾಡುತ್ತೇವೆ. ನೋಡಬೇಕಾದದ್ದು ಭಾಷಾ ಅಲ್ಪಸಂಖ್ಯಾತರ ಬಗ್ಗೆ ಇರುವ ಖಂಡವನ್ನು, ಅದರಲ್ಲೂ ಕ್ರಿಯಾಪದವನ್ನು. ‘ಬಳಸಬಹುದು’ ಅಂದಿದ್ದಾರಾ, ‘ಹಕ್ಕಿದೆ’ ಅಂದಿದ್ದಾರಾ? ಅದನ್ನು ಬದಲಿಸಿ ಎಂದು ಹೇಳಲು ಸರಿಯಾದ ಹೊತ್ತು ಸಮಿತಿಯ ಹಂತ. ರಾಜ್ಯಪಾಲರ ಹತ್ತಿರ ಹೋದ ಮೇಲೆ, ಅವರು ವಾಪಸ್ ಕಳಿಸಿದರೆ ಹೊರತು, ಪದ ತಿದ್ದಲು ಆಗುವುದಿಲ್ಲ.

ಸಭೆಯೊಳಗೆ ಏನು ಮಾಡಿದರೂ ಯಾರೂ ಕೇಳುವಂತಿಲ್ಲ ಎಂಬ ನಂಬಿಕೆಯೂ ಜನರಲ್ಲಿ ಉಂಟು. ಅರ್ಧ ನಿಜ. ಸಭೆಯಲ್ಲಿ ಆಡಿದ ಮಾತಿಗೆ, ಹಾಕಿದ ಮತಕ್ಕೆ 194ನೇ ವಿಧಿಯ ರಕ್ಷಣೆ ಇದೆ, ಕೋರ್ಟಿಗೆ ಎಳೆಯುವಂತಿಲ್ಲ. ಆದರೆ 2015ರ ಮಾರ್ಚ್ 13ರಂದು ಬಜೆಟ್ ಮಂಡಿಸುವಾಗ ಕೇರಳ ಸಭೆಯಲ್ಲಿ ಗದ್ದಲವಾಗಿ, ಸ್ಪೀಕರ್ ಕುರ್ಚಿಯೂ ಉರುಳಿ, ಸಾಮಾನು ಹಾಳಾದವು. ಶಾಸಕರ ಮೇಲೆ ಹಾಕಿದ್ದ ಪ್ರಕರಣ ವಾಪಸ್ ಪಡೆಯುತ್ತೇವೆ ಎಂದು ಆಮೇಲೆ ಸರ್ಕಾರ ಕೇಳಿದಾಗ, 2021ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಾರ್ವಜನಿಕ ಆಸ್ತಿ ಹಾಳುಮಾಡುವುದು ಶಾಸಕರ ಕೆಲಸದ ಭಾಗ ಅಲ್ಲ ಎಂದಿತು. ಮಾತಿಗೆ ರಕ್ಷಣೆ, ಕುರ್ಚಿ ಉರುಳಿಸುವುದಕ್ಕಲ್ಲ.

ಇಂಟರ್ನ್ ನಿಜವಾಗಿ ಮಾಡುವುದೇನು

ಧೂಳು ತಿನ್ನುವುದು. ತಮಾಷೆ ಅಲ್ಲ, ಮೊದಲ ಎರಡು ವಾರ ಸೀನಿದ್ದೇ ಜಾಸ್ತಿ. ಒಂದು ಪ್ರಶ್ನೆ ಬರುತ್ತದೆ: ‘ಸ್ಪೀಕರ್ ಅನುಮತಿ ಕೊಟ್ಟ ಮೇಲೆ ಸದಸ್ಯರೇ ತಮ್ಮ ನೋಟಿಸ್ ವಾಪಸ್ ಪಡೆದದ್ದು ಉಂಟಾ?’ ಕಾರ್ಯಸೂಚಿ ನೋಡಿ, ನಡಾವಳಿಯ ಸಂಪುಟ ತೆಗೆದು, ಆ ದಿನದ ಮಾತುಗಳನ್ನು ಓದಿ, ಸ್ಪೀಕರ್ ಏನೆಂದರು ಎಂದು ಬರೆದುಕೊಳ್ಳಬೇಕು. ಆಮೇಲೆ ಬೇರೆ ಸ್ಪೀಕರ್ ಅದಕ್ಕೆ ವಿರುದ್ಧವಾಗಿ ಹೇಳಿದ್ದಾರಾ ನೋಡಬೇಕು. ಎರಡು ದಿನದ ಕೆಲಸ, ಒಂದು ಪುಟದ ಟಿಪ್ಪಣಿ. ಒಂದು ಪುಟ ಮೀರಿದರೆ ಓದುವುದಿಲ್ಲ ಎಂದು ಮೊದಲೇ ಹೇಳಿದ್ದರು. ಅಲ್ಲಿ ಪೂರ್ವನಿದರ್ಶನಕ್ಕೆ ಎಷ್ಟು ಬೆಲೆ ಎಂದರೆ, ಹಿಂದೆ ಆಗಿದೆ ಎಂದು ತೋರಿಸಿದವರು ಅರ್ಧ ಗೆದ್ದ ಹಾಗೆ.

ಹಳೆಯ ಸಂಪುಟಗಳ ನಡುವೆ ಸಿಕ್ಕಿದ ಒಂದು ವಿಷಯ ನನ್ನನ್ನು ಬಹಳ ದಿನ ಕಾಡಿತು. ತಿರುವಾಂಕೂರಿನಲ್ಲಿ 1888ರಲ್ಲೇ ಶಾಸನ ಪರಿಷತ್ತು ಬಂದಿತ್ತು, ಸಭೆಯವರು ತಮ್ಮ ಇತಿಹಾಸವನ್ನು ಅಲ್ಲಿಂದಲೇ ಹೇಳುತ್ತಾರೆ. ಮೈಸೂರಿನಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಗಿತ್ತು, ಕರ್ನಾಟಕದವರು ಅಲ್ಲಿಂದ ಹೇಳುತ್ತಾರೆ. ನಾವು ಎರಡರಲ್ಲೂ ಇರಲಿಲ್ಲ. 1956ರ ತನಕ ಕಾಸರಗೋಡು ದಕ್ಷಿಣ ಕನ್ನಡದ ಒಂದು ತಾಲೂಕು, ಮದರಾಸಿಗೆ ಸೇರಿದ್ದು. ನಮ್ಮ ಅಜ್ಜಂದಿರ ಕಾಲದ ಅಹವಾಲು ಹುಡುಕಬೇಕಾದರೆ ಚೆನ್ನೈಗೆ ಹೋಗಬೇಕು. ಮೂರು ರಾಜ್ಯಗಳ ಕಪಾಟಿನಲ್ಲಿ ಹಂಚಿಹೋದ ತಾಲೂಕು ನಮ್ಮದು.

ಈ ಕೆಲಸ ಮಾಡಲು ಇಷ್ಟ ಇರುವವರಿಗೆ ಒಂದು ಮಾತು. ದೆಹಲಿಯಲ್ಲಿ ಸಂಸದರ ಜೊತೆ ಕೆಲಸ ಮಾಡುವ ‘ಲ್ಯಾಂಪ್’ ಫೆಲೋಶಿಪ್ 2010ರಿಂದ ನಡೆಯುತ್ತಿದೆ, ಪಿಆರ್‌ಎಸ್ ಎಂಬ ಸಂಸ್ಥೆಯದ್ದು. ಅದಕ್ಕೆ ಸ್ಪರ್ಧೆ ಜಾಸ್ತಿ, ಇಂಗ್ಲಿಷ್ ಗಟ್ಟಿ ಇರಬೇಕು. ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಬೇರೆಯೇ ಒಂದು ಬಂಡವಾಳ ಉಂಟು: ಕನ್ನಡ, ಮಲಯಾಳಂ ಎರಡೂ. ಎರಡು ಸಭೆಗಳ ನಡಾವಳಿಯನ್ನು ಮೂಲದಲ್ಲೇ ಓದಿ ಹೋಲಿಸಬಲ್ಲವರು ಎಷ್ಟು ಜನ ಸಿಗುತ್ತಾರೆ?

ಊರಿಗೆ ವಾಪಸ್ ಬಂದ ಮೊದಲ ಭಾನುವಾರ ಸೋದರಮಾವ ಬಂದಿದ್ದರು. ರಿಟೈರ್ಡ್ ಕನ್ನಡ ಮಾಸ್ಟ್ರು. “ಎರಡು ತಿಂಗಳು ಅಲ್ಲಿ ಎಂತ ಮಾಡಿದ್ದು?” ಎಂದು ಕೇಳಿದರು. ಹೇಳಿದೆ. ಅವರು ಸುಮ್ಮನೆ ಕೇಳಿ, ಒಳಗಿಂದ ಕಾಗದ ತರಿಸಿದರು. ಶಾಸಕರಿಗೆ ಕೊಡಲು ಒಂದು ಪ್ರಶ್ನೆ ಬರೆಯೋಣ ಎಂದು ಶುರುವಾಯಿತು.

“ಕನ್ನಡದಲ್ಲೇ ಬರೀಬಹುದಲ್ಲ?”

“ಬರೀಬಹುದು ಮಾವ. ಯಾವ ಅಧಿಕಾರಿಗೂ ರಾಜ್ಯದಲ್ಲಿ ಬಳಸುವ ಯಾವ ಭಾಷೆಯಲ್ಲೂ ಅಹವಾಲು ಕೊಡಬಹುದು, 350ನೇ ವಿಧಿ ಉಂಟು. ಶಾಸಕರಿಗೆ ಕೊಡಲು ಅದೂ ಬೇಡ.”

ಅರ್ಧ ಗಂಟೆಯಲ್ಲಿ ಒಂದೂವರೆ ಪುಟ ತುಂಬಿತು. ನಾನು ಪೆನ್ನು ತೆಗೆದುಕೊಂಡು ಗೆರೆ ಎಳೆಯುತ್ತಾ ಹೋದೆ. ‘ಅತ್ಯಂತ ಖೇದಕರ’ ಹೋಯಿತು. ‘ಕನ್ನಡದ ಮಕ್ಕಳ ಬಾಯಿಗೆ ಮಣ್ಣು’ ಹೋಯಿತು. ‘ಅನ್ಯಾಯ’ದ ಹತ್ತಿರ ಬಂದಾಗ ಮಾವ ನನ್ನ ಕೈ ಹಿಡಿದರು.

“ಅದು ಯಾಕೆ ತೆಗೀಬೇಕು ಮಾರಾಯ್ತಿ? ಅದೇ ಅಲ್ವಾ ವಿಷಯ?”

ನಿಯಮ ಹೇಳಿದೆ. ಮಂತ್ರಿ ತಪ್ಪಿಸಿಕೊಳ್ಳುವ ದಾರಿ ಹೇಳಿದೆ. ಅವರು ಒಪ್ಪಲಿಲ್ಲ, ಆದರೆ ಕೈ ಬಿಟ್ಟರು. ಕೊನೆಗೆ ಎ, ಬಿ, ಸಿ, ಡಿ ಎಂದು ನಾಲ್ಕು ಒಣ ಸಾಲುಗಳು ಉಳಿದವು. ಮಾವ ಅದನ್ನು ಎರಡು ಸಲ ಓದಿ, ಮಡಚಿ ಜೇಬಿಗೆ ಹಾಕಿದರು. ಆಮೇಲೆ ಇನ್ನೊಂದು ಹಾಳೆ ತೆಗೆದು, ಜೊತೆಗೆ ಕೊಡುವ ಪತ್ರ ಎಂದು ಬರೆಯತೊಡಗಿದರು. ಅದರ ಮೊದಲ ಪದವೇ ‘ಅನ್ಯಾಯ’.